ಕುದಿಸಿ ಕುಡಿಯಿರಿ, ನಾಯಕರಾಗಿರಿ

ಹೆಡ್‌ಮಾಸ್ಟರ್ ಇನ್ನು ಮೇಲೆ ಬರೀ ಹೆಡ್‌ಮಾಸ್ಟರ್ ಅಲ್ಲವಂತೆ, ಊರಿನ ಆರೋಗ್ಯ ನಾಯಕರಂತೆ. ಹಾಗಂತ ಚಿಕ್ಕಬಳ್ಳಾಪುರದಲ್ಲಿ ಎರಡು ದಿನ ತರಬೇತಿ ಕೊಟ್ಟರು. ಎಸಿ ಹಾಲ್, ಕೈಗೊಂದು ಫೈಲು, ಟೇಬಲ್ ಮೇಲೆ ಪುಟ್ಟ ನೀರಿನ ಬಾಟಲಿಗಳು. ಬಾಗೇಪಲ್ಲಿ, ಗುಡಿಬಂಡೆ ಕಡೆಯಿಂದ ಬಂದಿದ್ದ ಮೇಷ್ಟ್ರುಗಳು ಮೊದಲು ಆ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡರು. ಎರಡೂ ದಿನ ಸೇರಿ ಆರೋಗ್ಯಕ್ಕಾಗಿ ನಡೆದ ಕೆಲಸ ಅದೊಂದೇ.

ಮಧ್ಯಾಹ್ನದವರೆಗೂ ಚಪ್ಪಾಳೆ. ಅದರಲ್ಲಿ ಮಳೆ ಚಪ್ಪಾಳೆ ಅಂತ ಒಂದಿದೆ. ನಮ್ಮ ಜಿಲ್ಲೆಯವರು ಮಳೆಯನ್ನು ಹಾಗಾದರೂ ಕೇಳಿಸಿಕೊಳ್ಳಲಿ ಅಂತ ಇರಬೇಕು. ಆಮೇಲೆ ಚಾರ್ಟ್ ಹಾಳೆ, ಸ್ಕೆಚ್ ಪೆನ್ನು, 'ನನ್ನ ಕನಸಿನ ಊರು'. ಎಲ್ಲರೂ ತುಂಬಿದ ಕೆರೆ ಬರೆದರು.

ಊಟವಾದ ಮೇಲೆ ಸ್ಲೈಡುಗಳು ಶುರು. 'ನೀರನ್ನು ಕುದಿಸಿ ಕುಡಿಯಿರಿ' ಅಂತ ಮೊದಲನೆಯದು. ಹಿಂದಿನ ಸಾಲಿನ ಹಿರಿಯ ಮೇಷ್ಟ್ರೊಬ್ಬರು ಎದ್ದು ನಿಂತರು.

"ಸಾರ್, ನಮ್ಮದು ಫ್ಲೋರೈಡ್ ನೀರು. ಕುದಿಸಿದ್ರೆ ಜಾಸ್ತಿ ಆಗುತ್ತಲ್ಲಾ?"

ಅವರು ಹೇಳಿದ್ದು ಸರಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ನೆಲದಾಳದ ಕಲ್ಲಿನಿಂದ ನೀರಿಗೆ ಬೆರೆಯುವ ಫ್ಲೋರೈಡ್ ಸಾಯುವುದಿಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಅನ್ನುತ್ತದೆ ಸರ್ಕಾರದ್ದೇ ಅಳತೆ. ಕೆರೆ ಬತ್ತಿ ಬೋರ್‌ವೆಲ್ ಸಾವಿರ ಅಡಿ ದಾಟಿದ ಊರುಗಳಲ್ಲಿ ಈ ಅಳತೆ ಯಾರಿಗೆ ಬೇಕು? ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ ಬೀಳುತ್ತದೆ. ವರ್ಷಗಟ್ಟಲೆ ಅದೇ ನೀರು ಕುಡಿದವರ ಮೊಣಕಾಲು ಸರಿಯಾಗಿ ಮಡಚುವುದೂ ಇಲ್ಲ.

ತರಬೇತುದಾರರು ನಕ್ಕರು. "ನೋಡಿ, ನಾಯಕ ಸಮಸ್ಯೆ ಹೇಳಲ್ಲ, ಪರಿಹಾರ ಹೇಳ್ತಾನೆ." ಮುಂದಿನ ಸ್ಲೈಡು: 'ದಿನಕ್ಕೆ ಎರಡು ಸಲ ಹಲ್ಲುಜ್ಜಿ'. ಬಿಳಿ ಹಲ್ಲಿನ ಹುಡುಗನ ಫೋಟೋ ಬೇರೆ. ಫ್ಲೋರೈಡ್ ಕಲೆ ಯಾವ ಪೇಸ್ಟಿಗೂ ಹೋಗುವುದಿಲ್ಲ. ಮೇಷ್ಟ್ರು ಸುಮ್ನೆ ಕೂತರು.

ಹೋಗಲಿ, ಈ ನಾಯಕರ ಅಧಿಕಾರವಾದರೂ ಎಷ್ಟು? ಮೊಟ್ಟೆ ಎಣಿಸಬಹುದು. ತಿನ್ನದವರಿಗೆ ಬಾಳೆಹಣ್ಣು ಕೊಡಬಹುದು. ಜಂತುಹುಳದ ಮಾತ್ರೆ ನುಂಗಿಸಿ ಫೋಟೋ ಹಾಕಬಹುದು. ಶಾಲೆಯ ನೀರಿನ ಟ್ಯಾಂಕಿಗೆ ಮುಚ್ಚಳ ಬೇಕೆಂದರೆ ಮಾತ್ರ ಪಂಚಾಯಿತಿಗೆ ಪತ್ರ ಬರೆಯಬೇಕು. ಪಿಡಿಒ ಸಾಹೇಬರು ಅನುದಾನ ಬರಲಿ ಅನ್ನುತ್ತಾರೆ. ಅನುದಾನ ಬರುವ ಹೊತ್ತಿಗೆ ಪಿಡಿಒಗೆ ವರ್ಗ, ಹೊಸಬರಿಗೆ ಹೊಸ ಪತ್ರ. ಇಂಥವರಿಗೆ ಕೊರತೆ ಇದ್ದದ್ದು ನಾಯಕತ್ವದ್ದು ಅಂತ ಯಾವ ಪುಣ್ಯಾತ್ಮ ಕಂಡುಹಿಡಿದನೋ!

ಮರುದಿನ ಬೆಳಿಗ್ಗೆ ಅದೇ ಮೇಷ್ಟ್ರಿಗೆ ಶಾಲೆಯ ಅಡುಗೆಯವರ ಫೋನು. ಸಿಲಿಂಡರ್ ಖಾಲಿ, ಬೇಳೆ ಅರ್ಧ ಬೆಂದಿದೆ, ಏನ್ ಮಾಡ್ಲಿ ಸಾರ್? ತರಬೇತಿಯಲ್ಲಿ ಮೊಬೈಲ್ ನಿಷೇಧ. ಮೇಷ್ಟ್ರು ಟೇಬಲ್ ಕೆಳಗೆ ಬಗ್ಗಿ ಪಿಸುಗುಟ್ಟಿ, ಪಕ್ಕದೂರಿನ ಶಾಲೆಯಿಂದ ಸಿಲಿಂಡರ್ ತರಿಸಿದರು. ಆಗ ಪರದೆಯ ಮೇಲಿದ್ದದ್ದು 'ತುರ್ತು ಸಂದರ್ಭದಲ್ಲಿ ನಿರ್ಧಾರ ತೆಗೆದುಕೊಳ್ಳುವುದು ಹೇಗೆ?' ಗಮನ ಕೊಡುತ್ತಿಲ್ಲ ಅಂತ ಬೈಸಿಕೊಂಡರು.

ಕೊನೆಗೆ ಅನಿಸಿಕೆಯ ಫಾರಂ. 'ತರಬೇತಿಯಿಂದ ನಿಮ್ಮ ಊರಿನ ಆರೋಗ್ಯದಲ್ಲಿ ಆದ ಬದಲಾವಣೆ ತಿಳಿಸಿ.' ಊರಿಗೆ ಇನ್ನೂ ಹೋಗೇ ಇಲ್ಲವಲ್ಲ ಅಂದರೆ, ಈಗಲೇ ತುಂಬಬೇಕು, ಇಲ್ಲದಿದ್ದರೆ ಟಿಎ ಬಿಲ್ ಆಗಲ್ಲ ಅಂದರು. ಎಲ್ಲರೂ 'ಗಣನೀಯ ಸುಧಾರಣೆ' ಅಂತ ಬರೆದು ಬಸ್‌ಸ್ಟ್ಯಾಂಡಿಗೆ ಓಡಿದರು.