ಗಾಳಿಗೋಪುರದ ವಿಲೇವಾರಿ

ಹೊಸ ಟಿವಿಯ ಪೆಟ್ಟಿಗೆ ಬಿಚ್ಚಿದವರಿಗೆಲ್ಲ ಆ ಕೀರಲು ಸದ್ದು ಗೊತ್ತು. ರಟ್ಟಿಗೆ ಮೈ ಉಜ್ಜುತ್ತ, ಹಲ್ಲು ಜುಮ್ಮೆನಿಸುತ್ತ ಎರಡು ಬಿಳಿ ಥರ್ಮೋಕೋಲ್ ದಿಮ್ಮಿಗಳು ಹೊರಬರುತ್ತವೆ. ಟಿವಿ ಗೋಡೆ ಏರುತ್ತದೆ, ರಟ್ಟು ಗುಜರಿಗೆ ಹೋಗುತ್ತದೆ, ದಿಮ್ಮಿಗಳು ಮಾತ್ರ ಮನೆಯಳಿಯನ ಹಾಗೆ ಉಳಿದುಬಿಡುತ್ತವೆ. ಅವುಗಳ ಮೈಮೇಲೆ ಒಂದು ತ್ರಿಕೋನ, ಅದರ ನಡುವೆ 6. ಪೆಟ್ಟಿಗೆಯ ಮೇಲೆ ವಿನಯಪೂರ್ವಕ ವಿನಂತಿ: ‘ದಯವಿಟ್ಟು ಮರುಬಳಕೆ ಮಾಡಿ’. ಎಲ್ಲಿ, ಹೇಗೆ, ಯಾರಿಗೆ ಕೊಟ್ಟು ಎಂದು ಬರೆದಿಲ್ಲ. ಜಾಗ ಸಾಲಲಿಲ್ಲವೇನೋ ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ ಪೆಟ್ಟಿಗೆ ಆಳೆತ್ತರ ಇದೆ.

ಆ ತ್ರಿಕೋನದ ಮಹಿಮೆ ದೊಡ್ಡದು. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘವೇ ಈ ಸಂಖ್ಯೆಗಳನ್ನು ಹಂಚಿತು. 6 ಎಂದರೆ ಪಾಲಿಸ್ಟೈರೀನ್, ಥರ್ಮೋಕೋಲ್ ಮಾಡುವ ಪ್ಲಾಸ್ಟಿಕ್. ಅಷ್ಟೇ ಅದರ ಅರ್ಥ. ಹೆಸರು ಹೇಳುತ್ತದೆ, ಮುಂದೇನು ಗತಿ ಎಂದು ಹೇಳುವುದಿಲ್ಲ. ಆದರೂ ಹೆಸರಿನ ಸುತ್ತ ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಮೂರು ಬಾಣ ಬರೆದರು. ನೋಡಿದವರು, ಓ, ಇದು ತಿರುಗಿ ಬರುತ್ತದೆ ಎಂದುಕೊಂಡರು. 2013ರಲ್ಲಿ ಮಾನದಂಡವನ್ನು ತಿದ್ದಿ, ಬಾಣ ಬೇಡ, ಬರೀ ತ್ರಿಕೋನ ಸಾಕು ಎಂದರು. ಇಪ್ಪತ್ತೈದು ವರ್ಷ ಬೇಕಾಯಿತು ಮೂರು ಬಾಣ ಅಳಿಸಲು. ಹಳೆಯ ಅಚ್ಚುಗಳಲ್ಲಿ ಅವು ಇನ್ನೂ ತಿರುಗುತ್ತಲೇ ಇವೆ.

ಹಾಗೆಂದು ಕಂಪನಿಗಳು ಸುಳ್ಳು ಹೇಳುತ್ತಿವೆ ಎನ್ನುವಂತಿಲ್ಲ. ಥರ್ಮೋಕೋಲ್ ಕರಗುತ್ತದೆ, ಮತ್ತೆ ಅಚ್ಚಾಗುತ್ತದೆ, ಮರದಂತೆ ಕಾಣುವ ಫೋಟೊ ಚೌಕಟ್ಟೂ ಆಗುತ್ತದೆ. ರಸಾಯನಶಾಸ್ತ್ರದ ತಕರಾರಿಲ್ಲ. ತಕರಾರು ಗಾಳಿಯದ್ದು. ಸಕ್ಕರೆಯಂಥ ಪಾಲಿಸ್ಟೈರೀನ್ ಕಾಳಿನೊಳಗೆ ಪೆಂಟೇನ್ ಎಂಬ ಬೇಗ ಆವಿಯಾಗುವ ದ್ರವ ಸೇರಿಸಿ, ಹಬೆ ಕೊಟ್ಟು, ನಲವತ್ತು ಪಟ್ಟು ಉಬ್ಬಿಸಿ, ಅಚ್ಚಿನಲ್ಲಿ ಮತ್ತೆ ಹಬೆ ಹಾಯಿಸಿ ಒಂದಕ್ಕೊಂದು ಬೆಸೆದರೆ ದಿಮ್ಮಿ ತಯಾರು. ಅದರ ಗಾತ್ರದಲ್ಲಿ ಶೇಕಡಾ 98 ಗಾಳಿ, 2 ಪ್ಲಾಸ್ಟಿಕ್. ಒಂದು ಘನ ಮೀಟರ್ ದಿಮ್ಮಿ ಸುಮಾರು 20 ಕಿಲೋ ತೂಗುತ್ತದೆ. ಮೂಲೆ ಮುರಿದ, ತೂತು ತೂತಾದ ತುಂಡುಗಳನ್ನು ಲಾರಿಗೆ ಎಸೆದರೆ ಅರ್ಧ ಜಾಗ ಸಂದಿಗೊಂದಿಗೇ ಹೋಗಿ ಘನ ಮೀಟರಿಗೆ 10 ಕಿಲೋ ಆದೀತು. 40 ಘನ ಮೀಟರಿನ ಲಾರಿ ತುಂಬಿದರೆ 400 ಕಿಲೋ. ಡ್ರೈವರು, ಕ್ಲೀನರು ಮತ್ತು ಅವರ ನಾಲ್ಕು ಸ್ನೇಹಿತರ ತೂಕ. ತೂಕಕ್ಕೆ ಕಾಸು ಸಿಗುವ ವ್ಯಾಪಾರದಲ್ಲಿ ಇದಕ್ಕೆ ಡೀಸೆಲ್ ಸುಡುವವರು ಯಾರು? ಗುಜರಿಯವರು ಮುಟ್ಟುವುದಿಲ್ಲವೆಂದು ಅವರನ್ನು ಬೈಯುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಲಿ.

ಇದಕ್ಕೆ ಉಪಾಯ ಇಲ್ಲವೇ? ಇದೆ. ತುಂಡು ಮಾಡಿ, ತಿರುಪಿನಿಂದ ಒತ್ತಿ, ಗಾಳಿ ಹಿಂಡಿ ಇಟ್ಟಿಗೆ ಮಾಡುವ ಯಂತ್ರಗಳಿವೆ. ಘನ ಮೀಟರಿಗೆ 300 ಕಿಲೋ ತೂಗುವ ಇಟ್ಟಿಗೆ ಬರುತ್ತದೆ. ಈಗ ಲಾರಿಗೂ ಮರ್ಯಾದೆ. ಬಿಸಿಯಲ್ಲಿ ಕರಗಿಸುವ ಯಂತ್ರ ಇನ್ನೂ ಗಟ್ಟಿ ಮಾಡುತ್ತದೆ, ಆದರೆ ಹೊಗೆ ಹೀರುವ ವ್ಯವಸ್ಥೆ ಬೇಕು, ಕಾವು ಹೆಚ್ಚಾದರೆ ಮಾಲು ಕಂದಾಗಿ ಬೆಲೆ ಇಳಿಯುತ್ತದೆ. ಯಂತ್ರಕ್ಕೆ ಮಡಿ ಬೇರೆ ಜಾಸ್ತಿ. ಅಂಟುಪಟ್ಟಿ ಇರಬಾರದು, ಕಾಗದದ ಚೀಟಿ ಇರಬಾರದು. ಕರಗುವ ಕಾವಿನಲ್ಲಿ ಅವು ಸೀದು ಕಪ್ಪು ಚುಕ್ಕಿಗಳಾಗುತ್ತವೆ. ಊಟದ ಡಬ್ಬಿಯ ಎಣ್ಣೆ ಜಿಡ್ಡು ನಡೆಯದು. ತೊಳೆದು ಕೊಟ್ಟರೆ ಕಾಳಿನ ಸಂದಿಯಲ್ಲಿ ನೀರು ನಿಂತು, ಕರಗಿಸುವಾಗ ಹಬೆಯಾಗಿ, ಮಾಲಿನ ತುಂಬ ಗುಳ್ಳೆ. ಹಳೆಯ ಕಟ್ಟಡದ ಹಲಗೆಗಳನ್ನಂತೂ ಬೆರೆಸಲೇಬಾರದು: ಬೆಂಕಿ ತಡೆಯಲೆಂದು ಅವುಗಳಿಗೆ ಹಾಕುತ್ತಿದ್ದ ಎಚ್‌ಬಿಸಿಡಿ ಎಂಬ ರಾಸಾಯನಿಕ 2013ರಲ್ಲಿ, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿ ಸೇರಿದೆ.

ಇನ್ನೊಂದು ಬಿಳಿ ವೇಷಧಾರಿ ಉಂಟು. ಬಾಗಿಸಿದರೆ ಬಾಗುವ, ಒತ್ತಿದರೆ ಮತ್ತೆ ಎದ್ದು ನಿಲ್ಲುವ ನೊರೆ. ಅದು ಪಾಲಿಎಥಿಲೀನ್. ಥರ್ಮೋಕೋಲ್ ಆದರೆ ಟಪ್ಪೆಂದು ಮುರಿದು, ಮುರಿದಲ್ಲಿ ಕಾಳು ಕಾಣುತ್ತದೆ. ಎರಡನ್ನೂ ಒಟ್ಟಿಗೆ ಕರಗಿಸಿದರೆ ಎಣ್ಣೆ-ಸೀಗೆಕಾಯಿ ಸಂಬಂಧ; ಪದರ ಪದರವಾಗಿ ಬಿಟ್ಟುಕೊಳ್ಳುವ, ಯಾವುದಕ್ಕೂ ಬಾರದ ಮುದ್ದೆ. ಇಷ್ಟೆಲ್ಲ ವಿಂಗಡಣೆಯನ್ನು ಮಾಡಬೇಕಾದವರು ಟಿವಿ ಕೊಂಡ ತಪ್ಪಿಗೆ ನೀವು. ‘ದಯವಿಟ್ಟು’ ಎಂಬ ಒಂದೇ ಪದದೊಳಗೆ ಇಷ್ಟೂ ಅಡಗಿದೆ.

ಈ ನಡುವೆ ವಿಜ್ಞಾನದಿಂದ ಸಂತಸದ ಸುದ್ದಿ ಬರುತ್ತಲೇ ಇರುತ್ತದೆ. ಹುಳುಗಳು ಥರ್ಮೋಕೋಲ್ ತಿನ್ನುತ್ತವಂತೆ! ನಿಜ, ತಿನ್ನುತ್ತವೆ. 2015ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಚೀನಾದ ಸಂಶೋಧಕರು ಮೀಲ್‌ವರ್ಮ್ ಎಂಬ ಹಿಟ್ಟಿನ ಹುಳುಗಳಿಗೆ ಇದನ್ನೇ ಉಣಬಡಿಸಿ ತೋರಿಸಿದರು: 100 ಹುಳು ದಿನಕ್ಕೆ 34ರಿಂದ 39 ಮಿಲಿಗ್ರಾಂ ತಿಂದವು. ಸಂಶೋಧಕರ ಮೇಲೆ ದೂರಿಲ್ಲ, ಅವರು ಹೇಳಿದ್ದು ಹುಳುವಿನ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾದ ಸಂಗತಿ. ಅದನ್ನು ‘ಕಸದ ಸಮಸ್ಯೆಗೆ ಪರಿಹಾರ ಸಿಕ್ಕಿತು’ ಎಂದು ಆಗಾಗ ಹಂಚಿಕೊಳ್ಳುವವರಿಗಾಗಿ ಒಂದು ಲೆಕ್ಕ. ಅರ್ಧ ಕಿಲೋ ತೂಗುವ ದಿಮ್ಮಿಯ ಮೇಲೆ 100 ಹುಳು ಬಿಡಿ. ಒಂದು ದಿನವೂ ರಜೆ ಹಾಕದೆ ತಿಂದರೆ 35ರಿಂದ 40 ವರ್ಷಕ್ಕೆ ಎಲೆ ಖಾಲಿ. ಅಷ್ಟರಲ್ಲಿ ಟಿವಿಯನ್ನು ಐದಾರು ಸಲ ಬದಲಿಸಿರುತ್ತೀರಿ, ಪ್ರತಿ ಸಲವೂ ಹೊಸ ದಿಮ್ಮಿ ಬಂದಿರುತ್ತದೆ. ತಿಂಗಳೊಳಗೆ ಮುಗಿಯಬೇಕೆಂದರೆ ಸುಮಾರು 45 ಸಾವಿರ ಹುಳು ಸಾಕಬೇಕು. ಅವು ಹುಳುವಾಗಿಯೇ ಕೂರುವುದಿಲ್ಲ, ಕೆಲವು ತಿಂಗಳಲ್ಲಿ ಕಪ್ಪು ದುಂಬಿಗಳಾಗುತ್ತವೆ. ಟಿವಿ ನೋಡಲು ಒಳ್ಳೆಯ ಜೊತೆ. ತಿಂದದ್ದರಲ್ಲಿ ಅರ್ಧದಷ್ಟು ಇಂಗಾಲದ ಡೈಆಕ್ಸೈಡ್ ಆಗಿ ಹೋದರೆ ಉಳಿದದ್ದರ ಬಹುಪಾಲು ಹಿಕ್ಕೆ. ಆ ಹಿಕ್ಕೆಯ ಮೇಲೆ ಯಾವ ಸಂಖ್ಯೆ ಅಚ್ಚೊತ್ತಬೇಕೋ.

ಹುಳು ಬೇಡವೆಂದವರು ಅಸಿಟೋನ್ ಹಿಡಿಯುತ್ತಾರೆ. ಬಕೆಟ್ಟಿನಷ್ಟು ಥರ್ಮೋಕೋಲ್ ಬಟ್ಟಲಲ್ಲಿ ಕುಸಿದು ಮಾಯವಾಗುವ ವಿಡಿಯೊ ನೋಡಲು ಚಂದ. ಮಾಯವಾದದ್ದು ಗಾಳಿ, ಪ್ಲಾಸ್ಟಿಕ್ ಅಂಟುಮುದ್ದೆಯಾಗಿ ತಳದಲ್ಲೇ ಕೂತಿರುತ್ತದೆ. ಅದು ಒಣಗಲು ದಿನಗಟ್ಟಲೆ ಬೇಕು, ಒಣಗಿದ ಮೇಲೂ ಒಳಗೆಲ್ಲ ಗುಳ್ಳೆ. ಅಸಿಟೋನ್ ಆವಿಯಂತೂ ಮನೆಯ ಯಾವ ಮೂಲೆಯಲ್ಲೂ ಕಿಡಿಗಾಗಿ ಕಾದಿರುತ್ತದೆ. ಪೆಟ್ರೋಲಿನಲ್ಲಿ ಕರಗಿಸುವ ಸಾಹಸ ಬೇಡವೇ ಬೇಡ. ಅದು ಮೈಗಂಟಿ ಉರಿಯುವ ಬೆಂಕಿಯ ಪಾಕ. ಅಡುಗೆಯ ಒಲೆಯಲ್ಲಿ ಕಾಯಿಸಿದರೆ ಏಳುವ ಸ್ಟೈರೀನ್ ಹೊಗೆಯನ್ನು ‘ಕ್ಯಾನ್ಸರ್ ತರುವ ಸಂಭವವಿರುವ’ ಗುಂಪಿಗೆ ಸೇರಿಸಲಾಗಿದೆ.

‘ಕಸದಿಂದ ರಸ’ ತೆಗೆಯುವ ಕರಕುಶಲಿಗಳಿಗೂ ಎರಡು ಮಾತು. ಫೆವಿಕಾಲ್‌ನಂಥ ಬಿಳಿ ಅಂಟು ಬಳಸಿ. ವಾಸನೆ ಬರುವ ಚಪ್ಪಲಿ ಅಂಟು ಥರ್ಮೋಕೋಲನ್ನೇ ತಿಂದು ಗುಂಡಿ ಮಾಡುತ್ತದೆ. ಸ್ಪ್ರೇ ಬಣ್ಣವೂ ಅಷ್ಟೇ, ನೀರಿನ ಅಕ್ರಿಲಿಕ್ ಎರಡು ಪದರ ಮೊದಲು ಬಳಿಯಿರಿ. ಗರಗಸ ಹಾಕಿದರೆ ಮನೆತುಂಬ ಹಿಮಪಾತ. ಕಾದ ನೈಕ್ರೋಮ್ ತಂತಿಯಿಂದ, ಕಿಟಕಿ ತೆರೆದು, ತಂತಿ ಕೆಂಪಗಾಗದಷ್ಟೇ ಕಾವಿನಲ್ಲಿ ಕೊಯ್ಯಿರಿ. ಇಷ್ಟು ಮಾಡಿದರೆ ಅಂದವಾದ ಪೆನ್‌ಸ್ಟ್ಯಾಂಡ್ ಆಗುತ್ತದೆ. ಆಮೇಲೆ ಅದನ್ನು ಎಸೆಯುವಾಗ ಅಂಟು, ಬಣ್ಣ ಎರಡೂ ಮೆತ್ತಿಕೊಂಡಿರುವುದರಿಂದ ಯಾವ ಯಂತ್ರವೂ ಮುಟ್ಟುವುದಿಲ್ಲ. ನಿಜವಾಗಿ ಕೆಲಸಕ್ಕೆ ಬರುವ ಮರುಬಳಕೆ ಒಂದೇ: ದಿಮ್ಮಿಯನ್ನು ಮುರಿಯದೆ ಅದೇ ಪೆಟ್ಟಿಗೆಯಲ್ಲಿಟ್ಟು, ಮನೆ ಬದಲಿಸುವಾಗ ಅದೇ ಟಿವಿಗೆ ಮತ್ತೆ ತೊಡಿಸುವುದು. ಅಟ್ಟ ಇದ್ದವರ ಭಾಗ್ಯ.

ಸರ್ಕಾರಗಳು ಸುಮ್ಮನಿಲ್ಲ, ಪಾಪ. ಐರೋಪ್ಯ ಒಕ್ಕೂಟ 2021ರ ಜುಲೈ 3ರಿಂದ ಥರ್ಮೋಕೋಲ್ ಲೋಟ, ಊಟದ ಡಬ್ಬಿ ನಿಷೇಧಿಸಿತು. ಭಾರತ 2022ರ ಜುಲೈ 1ರಿಂದ ಅಲಂಕಾರದ ಥರ್ಮೋಕೋಲ್ ನಿಷೇಧಿಸಿತು. ಎರಡೂ ಸರಿಯೇ. ಆದರೆ ಟಿವಿ, ಫ್ರಿಜ್ಜಿನ ದಿಮ್ಮಿಗಳು ಎರಡೂ ಪಟ್ಟಿಯಿಂದ ಪಾರು. ಆನೆ ಹಾದುಹೋಯಿತು, ಬಾಲ ಸಿಕ್ಕಿಬಿತ್ತು.

ತಮಾಷೆ ಸಾಕು. ಅದೇ ದಿಮ್ಮಿಗಳನ್ನು, ಅದೇ ಗಾಳಿಯ ಸಮೇತ, ಕಾರ್ಖಾನೆಯಿಂದ ನಿಮ್ಮ ಬಾಗಿಲವರೆಗೆ ಹೊತ್ತು ತರಲು ಲಾರಿ ಸಿಕ್ಕಿತ್ತಲ್ಲ? ಆಗ ಗಾಳಿ ಭಾರವಾಗಲಿಲ್ಲ, ಡೀಸೆಲ್ ದುಬಾರಿಯಾಗಲಿಲ್ಲ, ಏಕೆಂದರೆ ಆ ಖರ್ಚು ಟಿವಿಯ ಬೆಲೆಯಲ್ಲೇ ಇತ್ತು. ಟಿವಿ ಇಳಿಸಿದ ಗಾಡಿ ಗೋದಾಮಿಗೆ ಖಾಲಿ ಹಿಂದಿರುಗುತ್ತದೆ. ಖಾಲಿ! ಶುದ್ಧವಾದ, ಒಣಗಿದ, ಎಣ್ಣೆ ತಾಗದ, ಯಂತ್ರಕ್ಕೆ ಬೇಕಾದಂಥದ್ದೇ ದಿಮ್ಮಿ ಆ ಹೊತ್ತಿನಲ್ಲಿ ಹೊಸ್ತಿಲಲ್ಲೇ ಬಿದ್ದಿರುತ್ತದೆ. ಅದನ್ನು ಎತ್ತಿ ಒಳಗಿಡಲು, ಗೋದಾಮಿನಲ್ಲೊಂದು ಒತ್ತುಯಂತ್ರ ಇಡಲು ಕಂಪನಿಗೆ ಪುರುಸೊತ್ತಿಲ್ಲ; ತ್ರಿಕೋನ ಕೆತ್ತಲು ಇದೆ.

ಇದನ್ನೋದಿ ಸಿಟ್ಟಿನಲ್ಲಿ ದಿಮ್ಮಿಯನ್ನು ಒದ್ದು ಮುರಿದವರಿಗೆ ಸೂಚನೆ: ಉದುರಿದ ಕಾಳುಗಳನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ. ಉಜ್ಜಿದಷ್ಟೂ ಸ್ಥಿರವಿದ್ಯುತ್ ಏರಿ ಪೊರಕೆಗೆ, ಗೋಡೆಗೆ, ಮೊಣಕೈಗೆ ಹತ್ತಿಕೊಳ್ಳುತ್ತವೆ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒತ್ತಿ ತೆಗೆಯಿರಿ.