ಎಟ್ನಾದಲ್ಲಿ ಏರಿಗಲ್ಲ, ಗಾಳಿಗೆ ಹೆದರಬೇಕು

ಇಟಲಿಯ ದೊಡ್ಡ ಸೈಕಲ್ ರೇಸ್ ಜಿರೋ ಡಿ'ಇಟಾಲಿಯಾ ಸಿಸಿಲಿ ದ್ವೀಪಕ್ಕೆ ಹೋದಾಗಲೆಲ್ಲ ಎಟ್ನಾ ಜ್ವಾಲಾಮುಖಿಯ ಬಗ್ಗೆ ಕಾಮೆಂಟರಿಯವರ ಅಬ್ಬರ ಕೇಳಿ, ಅದೇನೋ ಗೋಡೆ ಹತ್ತಿದ ಹಾಗಿರಬೇಕು ಅಂದುಕೊಂಡವರು ಬಹಳ. ನಿಕೊಲೊಸಿ ಊರಿನಿಂದ ಮೇಲಿನ ರಿಫ್ಯೂಜಿಯೊ ಸಪಿಯೆನ್ಸಾ ತಂಗುದಾಣದವರೆಗೆ ಸುಮಾರು 18 ಕಿ.ಮೀ., ಏರುವ ಎತ್ತರ 1,200 ಮೀಟರ್ ಆಸುಪಾಸು. ಅಂದರೆ ಸರಾಸರಿ ಸುಮಾರು ಶೇ. 6.6ರ ಏರು. ನಂದಿ ಬೆಟ್ಟ ಹತ್ತಿ ಅಭ್ಯಾಸವಿರುವ ಬೆಂಗಳೂರಿನವರ ಕಾಲಿಗೆ ಇದು ಹೊಸದಲ್ಲ. ಹೊಸದು ಎರಡು: ಏರಿನ ಉದ್ದ, ಮತ್ತು ಮರಗಳು ಮುಗಿದು ಬರೀ ಕಪ್ಪು ಲಾವಾ ಬಯಲು ಶುರುವಾದ ಮೇಲೆ ಮುಖಕ್ಕೆ ಬಡಿಯುವ ಗಾಳಿ.

ಗಾಳಿಯ ಲೆಕ್ಕ ನೋಡಿ. ಇದೇ ಏರಿನಲ್ಲಿ 70 ಕೆ.ಜಿ. ಸವಾರ, 8 ಕೆ.ಜಿ. ಸೈಕಲ್, ಗಂಟೆಗೆ 15 ಕಿ.ಮೀ. ವೇಗ. ಗಾಳಿ ಇಲ್ಲದಿದ್ದರೆ ಸುಮಾರು 240 ವ್ಯಾಟ್ ಸಾಕು. ಎದುರಿನಿಂದ 20 ಕಿ.ಮೀ. ವೇಗದ ಗಾಳಿ ಬೀಸಿದರೆ ಅದೇ ವೇಗಕ್ಕೆ 300 ವ್ಯಾಟ್ ದಾಟುತ್ತದೆ. ಮುಂದಿನವರ ಹಿಂಚಕ್ರಕ್ಕೆ ಅಂಟಿಕೊಂಡರೆ ಅದರಲ್ಲಿ 25-30 ವ್ಯಾಟ್ ವಾಪಸ್ ಸಿಗುತ್ತದೆ. ಇನ್ನು ಸೈಕಲ್ ಅರ್ಧ ಕೆ.ಜಿ. ಹಗುರ ಮಾಡಿಕೊಂಡರೆ ಉಳಿಯುವುದು ಒಂದೂವರೆ ವ್ಯಾಟೂ ಇಲ್ಲ! ಸಾವಿರಾರು ರೂಪಾಯಿ ಸುರಿದು ಗ್ರಾಂ ಎಣಿಸುವವರು ಗುಂಪಿನಲ್ಲಿ ಸರಿಯಾದ ಜಾಗ ಹಿಡಿಯುವುದನ್ನು ಮೊದಲು ಕಲಿಯಲಿ.

2017ರ ಜಿರೋದಲ್ಲಿ ಎಟ್ನಾ ಮೇಲೆ ಆದದ್ದೂ ಇದೇ. ಗುಂಪು ಬಿಟ್ಟು ಮುಂದೆ ಓಡಿಹೋಗಿದ್ದ ಯಾನ್ ಪೊಲಾಂಕ್ ಆ ದಿನದ ಹಂತ ಗೆದ್ದರು. ಪ್ರಶಸ್ತಿಯ ಆಕಾಂಕ್ಷಿಗಳು ಎದುರುಗಾಳಿಯಲ್ಲಿ ಒಬ್ಬರನ್ನೊಬ್ಬರು ಕಾಯುತ್ತ ಬಹುಪಾಲು ಒಟ್ಟಿಗೇ ಮೇಲೆ ಮುಟ್ಟಿದರು. ಸಿಸಿಲಿಯವರೇ ಆದ ಸವಾರ ವಿನ್ಸೆಂಜೊ ನಿಬಾಲಿಯ ದಾಳಿಯೂ (ಗುಂಪು ಬಿಟ್ಟು ಮುಂದೆ ನುಗ್ಗುವ ಯತ್ನ) ನಡೆಯಲಿಲ್ಲ. 'ಬೋರ್ ಹೊಡೆಸಿದರು' ಎಂದು ಬೈದವರಿದ್ದಾರೆ. ಬೈಗುಳ ನನಗೆ ಒಪ್ಪಿಗೆಯಿಲ್ಲ, ಆ ಗಾಳಿಯಲ್ಲಿ ಒಂಟಿಯಾಗಿ ಹೊರಟವರು ಹಿಂದಿನವರಿಗೆ ಪುಕ್ಕಟೆ ಗಾಳಿಮರೆ ಆಗುತ್ತಾರೆ ಅಷ್ಟೆ. ರಸ್ತೆ ತಿರುಗಿ ಗಾಳಿ ಬೆನ್ನಿಗೆ ಬಂದಾಗ ದಾಳಿ ಮಾಡಬೇಕು, ಆಗ ಹಿಂಬಾಲಿಸುವವರಿಗೆ ಗುಂಪಿನ ಲಾಭ ಕಡಿಮೆ.

ಫ್ರಾನ್ಸಿನ ಪ್ಯೂಯಿ ದ ಡೋಮ್ ಬೇರೆಯದೇ ಕಥೆ. ಅದೂ ಜ್ವಾಲಾಮುಖಿಯೇ, ಆದರೆ ಕೊನೆಯ ನಾಲ್ಕು ಕಿ.ಮೀ. ಶೇ. 11-12ರ ಏರು, ಉಸಿರು ತೆಗೆದುಕೊಳ್ಳಲು ಒಂದು ಸಪಾಟು ಜಾಗವಿಲ್ಲ. ವೇಗ ಬಿದ್ದುಹೋಗುವುದರಿಂದ ಡ್ರಾಫ್ಟಿಂಗ್, ಅಂದರೆ ಮುಂದಿನವರ ಗಾಳಿಮರೆಯಲ್ಲಿ ಓಡಿಸುವುದು, ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. 1964ರ ಟೂರ್ ಡಿ ಫ್ರಾನ್ಸ್ ರೇಸ್‌ನಲ್ಲಿ ಎದುರಾಳಿಗಳಾದ ಆಂಕೆತಿಲ್, ಪುಲಿದೋರ್ ಭುಜಕ್ಕೆ ಭುಜ ತಾಗಿಸಿ ಹತ್ತಿದ್ದು ಅಲ್ಲೇ.

ಎಟ್ನಾಕ್ಕೆ ಹೋಗುವ ಹವ್ಯಾಸಿಗಳಿಗೆ ಗೇರ್ ಮಾತು. ಮುಂದಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದೆ 11ರಿಂದ 34 ಹಲ್ಲಿನವರೆಗಿನ ಕ್ಯಾಸೆಟ್ (ಹಿಂಚಕ್ರದ ಗೇರ್ ಗುಚ್ಛ) ಹಾಕಿಸಿ. 34-34ರಲ್ಲಿ ಕೇಡೆನ್ಸ್ (ನಿಮಿಷಕ್ಕೆ ಪೆಡಲ್ ಸುತ್ತು) 70 ಇಟ್ಟರೆ ಗಂಟೆಗೆ ಸುಮಾರು 9 ಕಿ.ಮೀ. ಸಿಗುತ್ತದೆ. ಗಾಳಿ ಜೋರಾದಾಗ ಆ ಗೇರ್ ಬೇಕೇಬೇಕು. 28ಕ್ಕೆ ನಿಲ್ಲುವ ಕ್ಯಾಸೆಟ್‌ನಲ್ಲಿ ಕೇಡೆನ್ಸ್ 55ಕ್ಕೆ ಇಳಿದು ಮಂಡಿ ನೋಯಲು ಶುರುವಾಗುತ್ತದೆ. ಮೊದಲ 5 ಕಿ.ಮೀ. 'ಸುಲಭ ಇದೆಯಲ್ಲ' ಅನಿಸಿದರೂ ಜೋರಾಗಿ ತುಳಿಯಬೇಡಿ. ಗಂಟೆಗೆ 60 ಗ್ರಾಂ ಕಾರ್ಬ್ಸ್ (ಕಾರ್ಬೋಹೈಡ್ರೇಟ್) ತಿನ್ನುವುದನ್ನು ಕೆಳಗಿನಿಂದಲೇ ಶುರುಮಾಡಿ, ಹಸಿವಾದ ಮೇಲೆ ತಿಂದರೆ ತಡವಾಯಿತು. ಕಡಲತೀರಕ್ಕೂ ಮೇಲಿಗೂ 12 ಡಿಗ್ರಿ ವ್ಯತ್ಯಾಸವಿರುತ್ತದೆ, ಆದ್ದರಿಂದ ಇಳಿಯುವಾಗ ಬೇಕಾಗುವ ಜಾಕೆಟ್ ಜೇಬಿನಲ್ಲಿರಲಿ.

ಇನ್ನು ಬೂದಿ. ಎಟ್ನಾ ಉಗುಳುವ ಬೂದಿ ಒಲೆಯ ಬೂದಿಯಲ್ಲ, ಗಾಜು ಮತ್ತು ಕಲ್ಲಿನ ಚೂಪಾದ ಪುಡಿ. ಹೇರ್‌ಪಿನ್‌ಗಳ ಹೊರಅಂಚಿನಲ್ಲಿ ಸೇರಿಕೊಂಡು, ಮುಂದಿನ ಚಕ್ರ ವಾಲಿದ ತಕ್ಷಣ ಜಾರಿಸುತ್ತದೆ. ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸಿ, ತಿರುವಿನೊಳಗೆ ಲಿವರ್ ಮುಟ್ಟಬೇಡಿ. 28 ಎಂ.ಎಂ. ಟೈರ್ ಇದ್ದರೆ ಗಾಳಿ ಸ್ವಲ್ಪ ಇಳಿಸಿ. ರಿಮ್ ಬ್ರೇಕ್ ಆದರೆ ಪ್ಯಾಡ್‌ಗೆ ಚುಚ್ಚಿಕೊಂಡ ಕಣಗಳನ್ನು ಪಿನ್ನಿನಿಂದ ಕಿತ್ತು ತೆಗೆಯಿರಿ, ಇಲ್ಲವಾದರೆ ರಿಮ್ ಗೀರಿ ಹೋಗುತ್ತದೆ. ಚೈನಿಗೆ ವೆಟ್ ಲ್ಯೂಬ್, ಅಂದರೆ ಅಂಟುವ ಎಣ್ಣೆ, ಬೇಡ. ಎಣ್ಣೆಗೆ ಬೂದಿ ಬೆರೆತರೆ ಅರೆಯುವ ಪೇಸ್ಟ್ ಆಗಿ ಚೈನು, ಕ್ಯಾಸೆಟ್ ಎರಡನ್ನೂ ತಿನ್ನುತ್ತದೆ. ಬದಲಿಗೆ ಚೈನಿನ ವ್ಯಾಕ್ಸ್ (ಮೇಣ) ಹಾಕಿ. ಇಳಿದ ಮೇಲೆ ಬಟ್ಟೆಯಲ್ಲಿ ಉಜ್ಜಬೇಡಿ, ಫ್ರೇಮಿನ ಬಣ್ಣವೇ ಗೀಚುತ್ತದೆ. ಮೊದಲು ನೀರು ಸುರಿದು ಬೂದಿ ಹರಿಸಿ, ಆಮೇಲೆ ಬ್ರಷ್.