ಒಂದು ಬ್ರೇಕ್‌ಪಾಯಿಂಟ್‌ಗೆ ಎಂಟು ದಿನ

"ಹತ್ತು ನಿಮಿಷದ ಕೆಲಸ ಅಲ್ವಾ? ಸುಮ್ನೆ ಆ ವಿಎಂಗೆ ಅಟ್ಯಾಚ್ ಮಾಡಿ ನೋಡಿಬಿಡಿ."

ಮ್ಯಾನೇಜರ್ ಈ ಮಾತು ಹೇಳಿದ್ದು 20ನೇ ತಾರೀಕು ಬೆಳಿಗ್ಗೆ. ವಿಎಂ ಅಂದರೆ ಇನ್ನೊಂದು ಮಷೀನ್ ಒಳಗೆ ಸಾಫ್ಟ್‌ವೇರ್ ರೂಪದಲ್ಲಿ ಓಡುವ ಕಂಪ್ಯೂಟರ್; ಅಟ್ಯಾಚ್ ಅಂದರೆ ಅಲ್ಲಿ ಓಡುತ್ತಿರುವ ಪ್ರೋಗ್ರಾಮ್‌ಗೆ ಡೀಬಗರ್ ಅನ್ನೋ ದೋಷ ಹುಡುಕುವ ಸಾಧನ ಜೋಡಿಸೋದು. ಬಗ್ ನನ್ನ ಕೈಗೆ ಸಿಕ್ಕಿದ್ದು 27ರ ಸಂಜೆ. ಬಗ್ ಹುಡುಕೋಕೆ ಹಿಡಿದದ್ದು ಹೆಚ್ಚೆಂದರೆ ಅರ್ಧ ಗಂಟೆ. ಉಳಿದ ಅಷ್ಟೂ ದಿನ ಬಗ್ ಇರುವ ಕೋಣೆಯ ಬಾಗಿಲು ತಟ್ಟುತ್ತಾ ಕೂತಿದ್ದೆ. ಇಷ್ಟು ದಿನ ನುಂಗಿಕೊಂಡಿದ್ದೇನೆ, ಇವತ್ತು ಬರೆದೇ ಬಿಡುತ್ತೇನೆ.

ಸಮಸ್ಯೆ ಇಷ್ಟೇ. ಟೆಸ್ಟಿಂಗ್‌ನವರ ವಿಎಂನಲ್ಲಿ ರಿಪೋರ್ಟ್ ಬಟನ್ ಒತ್ತಿದರೆ ಅಪ್ಲಿಕೇಶನ್ ಕ್ರ್ಯಾಶ್. ನನ್ನ ಮಷೀನ್‌ನಲ್ಲಿ ಎಷ್ಟು ಸಲ ಒತ್ತಿದರೂ ಏನೂ ಆಗಲ್ಲ. ಹಾಗಾಗಿ ಕ್ರ್ಯಾಶ್ ಆಗೋ ಜಾಗಕ್ಕೇ ಹೋಗಿ ನೋಡಬೇಕು. ಇದಕ್ಕೆ ದಾರಿ ಇದೆ. ವಿಎಂ ಒಳಗೆ ಎಂಎಸ್‌ವಿಎಸ್‌ಮಾನ್ ಅನ್ನೋ ಪುಟ್ಟ ರಿಮೋಟ್ ಡೀಬಗರ್ ಓಡಿಸಬೇಕು, ಇಲ್ಲಿಂದ ನಾನು ಕೋಡ್ ಬರೆಯುವ ವಿಷುವಲ್ ಸ್ಟುಡಿಯೋ ಅದರ ಜೊತೆ ಮಾತಾಡುತ್ತದೆ. ಕೇಳೋಕೆ ಎಷ್ಟು ಚೆನ್ನಾಗಿದೆ, ಅಲ್ವಾ?

ಮೊದಲು ವಿಎಂ ಒಳಗೆ ಹೋಗಬೇಕಲ್ಲ. ವಿಪಿಎನ್ ದಾಟಿ, ಬ್ರೌಸರ್‌ನಲ್ಲಿ ಒಂದು ಕನ್ಸೋಲ್ ತೆರೆದು, ಅಲ್ಲಿ ಲಾಗಿನ್ ಆಗಬೇಕು. ಆ ಕನ್ಸೋಲ್‌ನಲ್ಲಿ ಕಾಪಿ ಪೇಸ್ಟ್ ಇಲ್ಲ. ಇಪ್ಪತ್ತು ಅಕ್ಷರದ ಪಾಸ್‌ವರ್ಡ್ ಕೈಯಲ್ಲೇ ಹೊಡೆಯಬೇಕು. ಹೊಡೆದೆ. ತಪ್ಪು. ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿಕೊಂಡು ಹೊಡೆದೆ. ತಪ್ಪು. ಮೂರನೇ ಸಲಕ್ಕೆ ಅಕೌಂಟ್ ಲಾಕ್. ಅನ್‌ಲಾಕ್ ಮಾಡಿಸಿಕೊಳ್ಳುವಷ್ಟರಲ್ಲಿ ಮಧ್ಯಾಹ್ನ. ಆಮೇಲೆ ಬುದ್ಧಿ ಬಂತು, ಯೂಸರ್ ಹೆಸರಿನ ಜಾಗದಲ್ಲೇ ಪಾಸ್‌ವರ್ಡ್ ಹೊಡೆದು ನೋಡಿದೆ. ನಾನು ಶಿಫ್ಟ್ ಹಿಡಿದು 2 ಒತ್ತಿದರೆ ಆ್ಯಟ್ ಚಿಹ್ನೆ ಬರಬೇಕಾದ ಕಡೆ ಉದ್ಧರಣ ಚಿಹ್ನೆ ಕೂತಿತ್ತು! ಆ ವಿಎಂಗೆ ಯಾರೋ ಬ್ರಿಟಿಷ್ ಕೀಬೋರ್ಡ್ ಹಾಕಿದ್ದರು. ಬೈದುಕೊಂಡು ಒಳಗೆ ಹೋದೆ. ಈ ಕೀಬೋರ್ಡ್ ವಿಷಯ ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಒಳಗೆ ಹೋದ ಐದು ನಿಮಿಷಕ್ಕೆ, ತೆರೆದಿದ್ದ ಒಂದು ವಿಂಡೋ ಮುಚ್ಚೋಣ ಅಂತ ಅಭ್ಯಾಸಬಲದಿಂದ ಕಂಟ್ರೋಲ್ ಡಬ್ಲ್ಯೂ ಒತ್ತಿದೆ. ಮುಚ್ಚಿದ್ದು ಬ್ರೌಸರ್ ಟ್ಯಾಬ್. ಮತ್ತೆ ಇಪ್ಪತ್ತು ಅಕ್ಷರ. ಎಫ್5 ಒತ್ತಿದರೆ ಕನ್ಸೋಲೇ ರಿಫ್ರೆಶ್ ಆಗುತ್ತದೆ, ಎಫ್11 ಒತ್ತಿದರೆ ಬ್ರೌಸರ್ ಪರದೆ ತುಂಬಾ ಹರಡಿಕೊಳ್ಳುತ್ತದೆ. ಯಾವ ಕೀ ಯಾರಿಗೆ ಸೇರಿದ್ದು ಅಂತ ಪ್ರತಿ ಸಲ ಯೋಚಿಸಿ ಒತ್ತುವ ಹಿಂಸೆ ಶತ್ರುವಿಗೂ ಬೇಡ.

ಎರಡನೇ ದಿನ. ಎಂಎಸ್‌ವಿಎಸ್‌ಮಾನ್ ಆಗಲೇ ವಿಎಂನಲ್ಲಿತ್ತು, ಖುಷಿಯಾಯಿತು. ಓಡಿಸಿದೆ, ಇಲ್ಲಿಂದ ಹುಡುಕಿದೆ, ಪಟ್ಟಿ ಖಾಲಿ. ತಾನಾಗಿ ಹುಡುಕೋಕೆ ಯುಡಿಪಿ 3702 ಅನ್ನೋ ಪೋರ್ಟ್, ಅಂದರೆ ನೆಟ್‌ವರ್ಕ್‌ನ ಒಂದು ನಂಬರಿನ ಬಾಗಿಲು, ತೆರೆದಿರಬೇಕಂತೆ, ಅದು ಮುಚ್ಚಿದೆ. ಸರಿ, ವಿಳಾಸ ಕೈಯಲ್ಲೇ ಕೊಟ್ಟೆ. ಆದರೂ ಇಲ್ಲ. ಒಂದು ಗಂಟೆ ತಲೆ ಕೆರೆದುಕೊಂಡ ಮೇಲೆ ಕಣ್ಣಿಗೆ ಬಿತ್ತು: ಅಲ್ಲಿದ್ದದ್ದು 2019ರ ಡೀಬಗರ್, ಅದು ಕಿವಿಗೊಟ್ಟು ಕೂತಿರೋದು 4024ರಲ್ಲಿ. ನನ್ನದು 2022, ಅದು ಹೋಗಿ ಬಾಗಿಲು ತಟ್ಟೋದು 4026ರಲ್ಲಿ. ಆವೃತ್ತಿ ಬದಲಾದ ಹಾಗೆ ಪೋರ್ಟ್ ಎರಡೆರಡು ಮುಂದೆ ಹೋಗುತ್ತದೆ. ಹೊಸದನ್ನು ಹಾಕಿದೆ. ಆಗ ಶುರುವಾಯಿತು ನೋಡಿ, ಪೋರ್ಟ್‌ಗಳಿಗೆ ಬೀಗ ಹಾಕಿ ಕಾಯುವ ಫೈರ್‌ವಾಲ್ ಪುರಾಣ.

4026 ತೆರೆಯಿರಿ ಅಂತ ನೆಟ್‌ವರ್ಕ್‌ನವರಿಗೆ ಟಿಕೆಟ್ ಹಾಕಿದೆ. ಮ್ಯಾನೇಜರ್ ಒಪ್ಪಿಗೆ ತಕ್ಷಣ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. "ಪರಿಶೀಲನೆಯಲ್ಲಿದೆ" ಅಂತ ಉತ್ತರ. ಎಂದು ಮುಗಿಯುತ್ತೆ ಅಂತ ಕೇಳಿದರೆ "ಆದ್ಯತೆಯ ಮೇರೆಗೆ". ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಎರಡು ದಿನ ಆದ ಮೇಲೆ, 23ಕ್ಕೆ, ತೆರೆದರು.

ಕನೆಕ್ಟ್ ಆಯಿತು. ವಿಎಂನ ಪ್ರೋಸೆಸ್‌ಗಳೆಲ್ಲ, ಅಂದರೆ ಅಲ್ಲಿ ಓಡುತ್ತಿರುವ ಪ್ರೋಗ್ರಾಮ್‌ಗಳೆಲ್ಲ, ಸಾಲಾಗಿ ಕಂಡವು. ನಮ್ಮದೂ ಇದೆ, ಅಬ್ಬಾ! ಅದನ್ನು ಆರಿಸಿ ಅಟ್ಯಾಚ್ ಒತ್ತಿದೆ. ಗಿರಗಿರ ತಿರುಗಿತು, ತಿರುಗಿತು, ಆಮೇಲೆ ಆಗಲ್ಲ ಅಂದಿತು. ಪಕ್ಕದ ಬೇರೆ ಪ್ರೋಸೆಸ್‌ಗೆ ಅಟ್ಯಾಚ್ ಆಗುತ್ತದೆ, ನಮ್ಮದಕ್ಕೆ ಮಾತ್ರ ಇಲ್ಲ. ಯಾಕಪ್ಪಾ? ನಮ್ಮ ಅಪ್ಲಿಕೇಶನ್ ಹಳೆಯದು, 32 ಬಿಟ್. 64 ಬಿಟ್ ಡೀಬಗರ್ 32 ಬಿಟ್ ಪ್ರೋಸೆಸ್ ಹಿಡಿಯಬೇಕಾದರೆ ಪಕ್ಕದ ಪೋರ್ಟ್ ಬಳಸುತ್ತದೆ. ಅಂದರೆ 4027. ಒಂದೇ ಒಂದು ಅಂಕಿ ಆಚೆ! ದಾಖಲೆಯಲ್ಲಿ ಬರೆದಿದೆ, ಇಲ್ಲ ಅನ್ನಲ್ಲ, ನಾನೇ ಮೊದಲೇ ಓದಬೇಕಿತ್ತು. ಆದರೆ "ಅದೇ ಟಿಕೆಟ್‌ನಲ್ಲಿ ಇನ್ನೊಂದು ಪೋರ್ಟ್ ಸೇರಿಸಿ" ಅಂದರೆ ಆಗಲ್ಲವಂತೆ. ಹೊಸ ಟಿಕೆಟ್, ಹೊಸ ಒಪ್ಪಿಗೆ, ಹೊಸ ಪರಿಶೀಲನೆ. ಮಧ್ಯೆ ಶನಿವಾರ ಭಾನುವಾರ. ಬೆಳಗ್ಗೆ ಮೀಟಿಂಗ್‌ನಲ್ಲಿ ನನ್ನ ಸರದಿ ಬಂದಾಗಲೆಲ್ಲ ಅದೇ ಪ್ರಶ್ನೆ: "ಇನ್ನೂ ಆಗಿಲ್ವಾ?" ಪೋರ್ಟ್ ಬಂದಿಲ್ಲ ಸಾರ್ ಅಂದರೆ, ಹೋಮ್‌ವರ್ಕ್ ನಾಯಿ ತಿಂದಿತು ಅಂದವನನ್ನು ನೋಡೋ ಹಾಗೆ ನೋಡುತ್ತಿದ್ದರು.

26ಕ್ಕೆ 4027 ಬಂತು. ಅಟ್ಯಾಚ್ ಆಯಿತು. ಬ್ರೇಕ್‌ಪಾಯಿಂಟ್ ಹಾಕಿದೆ, ಅಂದರೆ ಈ ಸಾಲಿಗೆ ಬಂದಾಗ ಪ್ರೋಗ್ರಾಮ್ ನಿಲ್ಲಲಿ ಅಂತ ಒಂದು ಗುರುತು. ತುಂಬಿದ ಕೆಂಪು ಚುಕ್ಕೆ ಬರಬೇಕಾದ ಕಡೆ ಬರೀ ಟೊಳ್ಳು ಬಳೆ. ಓಡುತ್ತಿರುವ ಪ್ರೋಗ್ರಾಮನ್ನು ಕೋಡ್‌ನ ಸಾಲಿಗೆ ಹೊಂದಿಸುವ ಸಿಂಬಲ್ ಲೋಡ್ ಆಗಿಲ್ಲವಂತೆ. ಪ್ರೋಗ್ರಾಮ್ ಫೈಲ್ ಒಳಗೊಂದು ಗುರುತಿನ ಸಂಖ್ಯೆ ಇರುತ್ತದೆ, ಸಿಂಬಲ್ ಇಟ್ಟಿರುವ ಪಿಡಿಬಿ ಫೈಲ್‌ನಲ್ಲೂ ಅದೇ ಇರಬೇಕು. ಅದೇ ಕೋಡ್ ನನ್ನ ಮಷೀನ್‌ನಲ್ಲಿ ಬಿಲ್ಡ್ ಮಾಡಿದ್ದರೂ, ಅಂದರೆ ಓಡುವ ಪ್ರೋಗ್ರಾಮ್ ಆಗಿಸಿದ್ದರೂ, ಗುರುತು ಬೇರೆ, ಹಾಗಾಗಿ ಒಪ್ಪಲ್ಲ. ಅಸಲಿ ಪಿಡಿಬಿ ಬಿಲ್ಡ್ ಸರ್ವರ್‌ನಲ್ಲಿತ್ತು, ಮುಂದಿನ ಬಿಲ್ಡ್ ಅದರ ಮೇಲೇ ಬಂದು ಕೂತಿದೆ. ನಾನೇ ಹೊಸದಾಗಿ ಬಿಲ್ಡ್ ಮಾಡಿ ವಿಎಂಗೆ ಸಾಗಿಸಿದೆ.

ಚುಕ್ಕೆ ತುಂಬಿಕೊಂಡಿತು. ರಿಪೋರ್ಟ್ ಬಟನ್ ಒತ್ತಿದೆ. ನಿಂತಿತು! ಏಳು ದಿನದಲ್ಲಿ ಮೊದಲ ಸಲ, ನಿಂತ ಸಾಲು ತೋರಿಸುವ ಆ ಹಳದಿ ಬಾಣ ಕಂಡಿತು. ಒಂದೊಂದೇ ಸಾಲು ಇಳಿಯುತ್ತಾ ಎರಡು ವೇರಿಯಬಲ್ ನೋಡಿದ್ದೆ ಅಷ್ಟೇ, ಪ್ರೋಸೆಸ್ ಸತ್ತೇ ಹೋಯಿತು. 30 ಸೆಕೆಂಡ್ ಉತ್ತರ ಬರದಿದ್ದರೆ ಕೊಂದು ಮತ್ತೆ ಶುರು ಮಾಡೋ ಕಾವಲುಗಾರ ಪ್ರೋಗ್ರಾಮ್ ಒಂದು ಅಲ್ಲಿ ಓಡುತ್ತಿತ್ತು. ಬ್ರೇಕ್‌ಪಾಯಿಂಟ್‌ನಲ್ಲಿ ನಿಂತ ಪ್ರೋಸೆಸ್ ಏನು ಉತ್ತರ ಕೊಡುತ್ತದೆ? ಅದನ್ನು ಬರೆದದ್ದು ಯಾರು ಅಂತ ಕೇಳಬೇಡಿ. ಹೋದ ವರ್ಷ ನಾನೇ. ಅಷ್ಟರಲ್ಲಿ ಕತ್ತಲಾಗಿತ್ತು, ನಾಳೆ ಅದನ್ನು ಆಫ್ ಮಾಡಿ ನೋಡೋಣ ಅಂತ ಎದ್ದೆ.

ಮರುದಿನ ಬಂದು ನೋಡಿದರೆ ವಿಎಂನಲ್ಲಿ ನಾನು ಹಾಕಿದ್ದ ಯಾವುದೂ ಇಲ್ಲ. ಡೀಬಗರ್ ಇಲ್ಲ. ಹೊಸ ಬಿಲ್ಡ್ ಇಲ್ಲ. ಟೆಸ್ಟಿಂಗ್‌ನವರು ರಾತ್ರಿ ಸ್ನ್ಯಾಪ್‌ಶಾಟ್ ರೀಸ್ಟೋರ್ ಮಾಡಿದ್ದಾರೆ, ಅಂದರೆ ವಿಎಂ ಅನ್ನು ಹಿಂದೆ ಉಳಿಸಿಟ್ಟ ಸ್ಥಿತಿಗೆ ವಾಪಸ್ ಒಯ್ದಿದ್ದಾರೆ. "ಓ, ನೀವು ಬಳಸ್ತಾ ಇದ್ರಾ? ಹೇಳಿದ್ರೆ ಬಿಡ್ತಿದ್ವಿ." ಹೊಟ್ಟೆ ಹೇಗೆ ಉರಿಯಿತು ಅಂದರೆ, ಬಾಯಲ್ಲಿ ಮಾತೇ ಬರಲಿಲ್ಲ.

ಎಲ್ಲಾ ಮತ್ತೆ ಹಾಕಿದೆ. ಬಟನ್ ಒತ್ತಿದೆ. ಕ್ರ್ಯಾಶ್ ಇಲ್ಲ. ಹತ್ತು ಸಲ ಒತ್ತಿದೆ, ಇಲ್ಲವೇ ಇಲ್ಲ! ಇನ್ನೂ ಡೀಬಗರ್ ಅಟ್ಯಾಚ್ ಸಹ ಮಾಡಿಲ್ಲ. ಮಾಡೋಕೆ ಹೋದರೆ ಲಾಗಿನ್ ಒಪ್ಪುತ್ತಿಲ್ಲ, ಸಮಯದಲ್ಲಿ ವ್ಯತ್ಯಾಸ ಇದೆ ಅನ್ನುತ್ತದೆ. ಡೊಮೇನ್ ಲಾಗಿನ್‌ನಲ್ಲಿ, ಅಂದರೆ ಆಫೀಸ್ ನೆಟ್‌ವರ್ಕ್‌ನ ಲಾಗಿನ್‌ನಲ್ಲಿ, ಎರಡು ಕಡೆಯ ಗಡಿಯಾರ 5 ನಿಮಿಷಕ್ಕಿಂತ ಜಾಸ್ತಿ ಆಚೀಚೆ ಇದ್ದರೆ ಗುರುತು ಪರೀಕ್ಷಿಸುವ ಕೆರ್ಬೆರೋಸ್ ಸಾಮಾನ್ಯವಾಗಿ ಒಪ್ಪಲ್ಲ. ವಿಎಂ ಗಡಿಯಾರ ನೋಡಿದೆ: 6ನೇ ತಾರೀಕು. ಸ್ನ್ಯಾಪ್‌ಶಾಟ್ ತೆಗೆದ ದಿನ. ಅಲ್ಲಿಂದಲೇ ಎದ್ದು ನಡೆಯುತ್ತಿದೆ, ಟೈಮ್ ಸಿಂಕ್ ಯಾರೋ ಆಫ್ ಮಾಡಿಟ್ಟಿದ್ದಾರೆ. ಗೊಣಗಿಕೊಂಡು 27ಕ್ಕೆ ತಿದ್ದಿದೆ. ಸುಮ್ನೆ ಒಮ್ಮೆ ಬಟನ್ ಒತ್ತಿದೆ.

ಕ್ರ್ಯಾಶ್.

ಕೈ ಮೌಸ್ ಮೇಲೇ ನಿಂತುಬಿಟ್ಟಿತು. ಕಾವಲುಗಾರನನ್ನು ಆಫ್ ಮಾಡಿ ಅಟ್ಯಾಚ್ ಮಾಡಿದೆ, ಬ್ರೇಕ್‌ಪಾಯಿಂಟ್‌ನಲ್ಲಿ ನಿಲ್ಲಿಸಿ ವಾಚ್ ವಿಂಡೋ ನೋಡಿದೆ. ತಿಂಗಳು ಅನ್ನೋ ವೇರಿಯಬಲ್ ಒಳಗೆ 27. ಹನ್ನೆರಡು ತಿಂಗಳ ಹೆಸರಿರೋ ಪಟ್ಟಿಯಲ್ಲಿ ಪ್ರೋಗ್ರಾಮ್ ಇಪ್ಪತ್ತೇಳನೆಯದನ್ನು ಹುಡುಕುತ್ತಿದೆ. ಎಂದೋ ಯಾರೋ ತಾರೀಕನ್ನು ಸ್ಟ್ರಿಂಗ್ ಆಗಿ, ಅಂದರೆ ಬರೀ ಅಕ್ಷರಗಳ ಸಾಲಾಗಿ, ತೆಗೆದುಕೊಂಡು, ಮೊದಲ ಸ್ಲಾಶ್‌ವರೆಗೆ ಇರೋದು ತಿಂಗಳು ಅಂತ ನಂಬಿ ಬರೆದ ಕೋಡ್. ನನ್ನ ಮಷೀನ್‌ನಲ್ಲಿ ಅಮೆರಿಕನ್ ಕ್ರಮ, ತಿಂಗಳೇ ಮೊದಲು. ವಿಎಂನಲ್ಲಿ ಬ್ರಿಟಿಷ್ ಕ್ರಮ, ದಿನ ಮೊದಲು. 12ರವರೆಗೆ ಸುಮ್ಮನೆ ತಪ್ಪು ತಿಂಗಳು ಅಚ್ಚಾಗುತ್ತದೆ, ಯಾರೂ ನೋಡಲ್ಲ. 13ರಿಂದ ಕ್ರ್ಯಾಶ್.

ಬ್ರಿಟಿಷ್! ಮೊದಲ ದಿನವೇ ಆ ಕೀಬೋರ್ಡ್ ಮೂರು ಸಲ ಮುಖಕ್ಕೆ ಹೊಡೆದ ಹಾಗೆ ಹೇಳಿತ್ತಲ್ಲ. ನನ್ನ ಮಷೀನ್‌ನಲ್ಲಿ ರೀಜನ್ ಸೆಟ್ಟಿಂಗ್ ಒಂದು ಬದಲಾಯಿಸಿದ್ದರೆ ಸಾಕಿತ್ತು. ವಿಎಂ ಬೇಡ, 4026 ಬೇಡ, 4027 ಬೇಡ. ಮ್ಯಾನೇಜರ್ ಹೇಳಿದ ಹಾಗೆ ಹತ್ತೇ ನಿಮಿಷ. ಇದನ್ನು ಅವರಿಗೆ ಮಾತ್ರ ನಾನು ಹೇಳಿಲ್ಲ.

ಎರಡು ಸಾಲು ತಿದ್ದಿ ಬಗ್ ಮುಚ್ಚಿದೆ. ಮರುದಿನ ನೆಟ್‌ವರ್ಕ್‌ನವರ ಮೇಲ್ ಬಂತು, ಕೆಲಸ ಮುಗಿದಿರುವುದರಿಂದ ಎರಡೂ ಪೋರ್ಟ್ ಮುಚ್ಚಲಾಗಿದೆ ಅಂತ. ಈ ಒಂದು ಕೆಲಸ ಮಾತ್ರ ಒಂದೇ ದಿನದಲ್ಲಿ ಮಾಡಿದ್ದಾರೆ. ಊಟ ಮುಗಿಸಿ ಬಂದು ನೋಡಿದರೆ ಟೆಸ್ಟಿಂಗ್‌ನವರಿಂದ ಇನ್ನೊಂದು ಮೇಲ್: ಅದೇ ವಿಎಂ, ಈ ಸಲ ಪ್ರಿಂಟ್ ಬಟನ್.